ಕಂದು ಪ್ಯಾಂಟು, ನೀಲಿ ದಾರ

ಹಲೋ… ಹಲೋ, ಯಾರು ಮಾತಾಡ್ತಿರೋದು?… ಸ್ವಲ್ಪ ಗಟ್ಟಿಯಾಗಿ… ಯಾರು?…

ಓ, ನೀನಾ ಕ್ಯಾಪ್ಟನ್. ಟೈಲರ್ ಅಂಗಡಿ ನಂಬರ್ ಬಂತು ನೋಡು, ನಿಮ್ಮವರೇ ಇರಬೇಕು ಅಂತ ಎತ್ತಿದೆ…

ಅಯ್ಯೋ, ನಿನ್ನ ನಂಬರ್ ಬಂದ್ರೆ ಎತ್ತಲ್ಲ ಅಂತ ಏನಿಲ್ಲ… ಎರಡು ತಿಂಗಳಾಯ್ತಾ?… ಇಲ್ಲಿ ಸಿಗ್ನಲ್ ಸರಿ ಇಲ್ಲ ಕಣೇ. ಗಾಡಿ ಮೆಟ್ಟಿಲ ಮೇಲೆ ಒಂದು ಕಾಲು, ಮಡಚೋ ಕುರ್ಚಿ ಮೇಲೆ ಇನ್ನೊಂದು ಕಾಲು, ಕೈಯಲ್ಲಿ ಸೈಡ್ ಮಿರರ್ ಹಿಡ್ಕೊಂಡು ನಿಂತ್ರೆ ಮಾತ್ರ ಎದುರಿನವರ ಮಾತು ಕೇಳುತ್ತೆ. ದೂರದಿಂದ ನೋಡಿದವರು ಸರ್ಕಸ್ ಕಂಪನಿ ಬಂದಿದೆ ಅಂದ್ಕೋಬೇಕು…

ಹಾಂ, ಚೆನ್ನಾಗಿದ್ದೀನಿ… ಊಟ ಆಯ್ತು… ಏನು ಅಂದ್ರೆ? ಊಟ ಅಂದ್ರೆ ಊಟ. ಪಟ್ಟಿ ಓದಿ ಹೇಳಬೇಕಾ?…

ಎಲ್ಲಿದ್ದೀನಿ ಅಂದ್ರೆ… ದಾರೀಲಿ ಇದ್ದೀನಿ. ಮೋಟರ್‌ಹೋಮಲ್ಲಿ ಇರೋಳು ಇನ್ನೆಲ್ಲಿರ್ತೀನಿ? ಹಾಸಿಗೆ, ಒಲೆ, ಬಚ್ಚಲು, ನಾನು, ಎಲ್ಲ ನಾಲ್ಕು ಚಕ್ರದ ಮೇಲೆ. ಇವತ್ತು ಇಲ್ಲಿ, ನಾಳೆ… ನಾಳೆದು ನಾಳೆ ನೋಡಿದ್ರಾಯ್ತು…

ಅದಾ? ಪಕ್ಕದ ಗಾಡಿಯವರು ರಗ್ಗು ಕೊಡವ್ತಿದ್ದಾರೆ. ಗಂಡ ಒಂದು ತುದಿ ಹಿಡಿದಿದ್ದಾನೆ. ಹೆಂಡತಿ ಇನ್ನೊಂದು ತುದಿ ಹಿಡ್ಕೊಂಡು ಗಂಡನನ್ನೇ ಕೊಡವ್ತಿದ್ದಾಳೆ. ನೋಡ್ತಾ ನಿಂತ್ರೆ ಹೊತ್ತು ಹೋಗುತ್ತೆ…

ಸರಿ, ವಿಷಯಕ್ಕೆ ಬಾ. ಸುಮ್ನೆ ಅಂಗಡಿ ಫೋನಿಂದ ಮಾಡೋಳಲ್ಲ ನೀನು…

ದೋಣಿ…

ಯಾವ ದೋಣಿ ಅಂತ ನಾನೇನು ಕೇಳ್ಲಿಲ್ಲ. ಇಪ್ಪತ್ತಮೂರು ವರ್ಷ ಅದೇ ಹೌಸ್‌ಬೋಟು, ಅದೇ ವಾರ, ಅದೇ ನಾಲ್ಕು ಜನ, ಚುಕ್ಕಾಣಿಗೆ ನೀನೇ ಕ್ಯಾಪ್ಟನ್. ಮರೆಯೋಕೆ ನನಗೇನು ಅರಳು ಮರಳಾ?… ದೋಣಿಯವನು ಸಂಜೆಯೊಳಗೆ ಹೇಳಿ ಅಂದ್ನಾ?… ಮೂರು ಜನ ತಾನೇ, ಚಿಕ್ಕದು ಕೊಡ್ತೀನಿ ಅಂದ್ನಾ? ಎಷ್ಟು ಬೇಗ ಕಳೆದುಬಿಟ್ಟ ನೋಡು ಒಬ್ಬರನ್ನ…

ಇಲ್ಲ ಕಣೇ. ನಾನು ಬರಲ್ಲ…

ಬರೋಕಾಗಲ್ಲ ಅಂದ್ರೆ ಆಗಲ್ಲ. ಗಾಡಿ ನೀರಿನ ಟ್ಯಾಂಕ್ ಸೋರ್ತಿದೆ. ಬ್ರೇಕೂ ಸರಿಯಿಲ್ಲ… ಹೌದು, ಎರಡೂ ಒಟ್ಟಿಗೇ. ಒಂದು ಕಾರಣ ಕೊಟ್ರೆ ನೀನು ರಿಪೇರಿ ಮಾಡಿಸಿಬಿಡ್ತೀಯಾ ಅಂತ ಗೊತ್ತು, ಅದಕ್ಕೇ ಎರಡು ಇಟ್ಕೊಂಡಿದ್ದೆ…

ಅವರಿಲ್ಲ ಅಂತ ಅಲ್ಲ. ನಮ್ಮ ಮೇಷ್ಟ್ರು ಹೋಗಿ ನಾಲ್ಕೂವರೆ ತಿಂಗಳಾಯ್ತು. ಅವರಿಲ್ಲದೆ ನಾನು ಹಲ್ಲುಜ್ಜಿದ್ದೀನಿ, ಗ್ಯಾಸ್ ಸಿಲಿಂಡರ್ ಬದಲಾಯಿಸಿದ್ದೀನಿ, ಬಚ್ಚಲಿನ ಡಬ್ಬ ಹೊತ್ಕೊಂಡು ಹೋಗಿ ಸುರಿದು ಬಂದಿದ್ದೀನಿ. ದೋಣಿ ಹತ್ತೋದೇನು ದೊಡ್ಡದು…

ಅಳ್ತಾ ನಗಬೇಡ. ಎರಡರಲ್ಲಿ ಒಂದು ಮಾಡು…

ನಿಮ್ಮವರು ಹೇಗಿದ್ದಾರೆ?…

ಯಾಕೆ, ಕೇಳಬಾರದಾ?… ಅಲ್ಲೇ ಇದ್ದಾರಾ ಅಂಗಡೀಲಿ?… ಹೊಲೀತಿದ್ದಾರಾ?… ಮೆಷಿನ್‌ಗೆ ಹೊದಿಕೆ ಹಾಕಿ ಅದರ ಮುಂದೆ ಕೂತಿದ್ದಾರಾ. ಯಾವಾಗಿಂದ?…

ಆವತ್ತಿನಿಂದಲೇ…

ಅಂದ್ರೆ ನಾಲ್ಕೂವರೆ ತಿಂಗಳಿಂದ ಒಂದು ಗುಂಡಿ ಕೂಡ ಹಾಕಿಲ್ಲ. ಮದುವೆ ಬಟ್ಟೆ ಬಂದಿದ್ದೂ ವಾಪಸ್ಸಾ… ನಿನಗೇನು ಹೇಳಿದ್ರು?… ಕಣ್ಣು ಮಂಜು ಅಂತ. ಕಣ್ಣಿನ ಡಾಕ್ಟರ್ ಏನಂದ್ರು?… ಕಣ್ಣಿಗೇನೂ ಆಗಿಲ್ಲ ಅಂದ್ರು. ಹಾಂ…

ಮೇಷ್ಟ್ರನ್ನ ಕಳಿಸಿಕೊಟ್ಟ ದಿನ ಇಬ್ಬರೂ ಬಂದಿದ್ರಿ, ನೆನಪಿದೆಯಾ? ನೀನು ನನ್ನ ಪಕ್ಕ ನಿಂತಿದ್ದೆ. ಅವರು ಆಸ್ಪತ್ರೆ ಗೇಟಿನ ಹತ್ರವೇ ನಿಂತ್ರು. ಒಳಗೆ ಬರಲೇ ಇಲ್ಲ. ಅಷ್ಟು ವರ್ಷದ ಗೆಳೆಯ, ಕೊನೇ ಸಲ ಮುಖ ನೋಡೋಕೂ ಬರಲಿಲ್ಲ. ಪಾಪ, ಎಷ್ಟು ದುಃಖ ಆಗಿದೆ ಅಂತ ನಾನು ಅವರಿಗೋಸ್ಕರ ಬೇರೆ ಅತ್ತೆ…

ಯಾಕೆ ಹೀಗೆ ಹೇಳ್ತಿದ್ದೀನಿ ಅಂದ್ರೆ… ಕ್ಯಾಪ್ಟನ್, ಅವರು ನಿನಗೆ ಏನೂ ಹೇಳಿಲ್ವಾ?… ಏನೂ?… ನನ್ನ ಮೇಲೆ ಆಣೆ ಬೇಡ, ಸುಮ್ನೆ ಹೇಳು. ಹೇಳಿಲ್ವಾ?…

ಹಾಗಿದ್ರೆ ನಿನ್ನ ಫೋನ್ ಎತ್ತದೇ ಇದ್ದಿದ್ದು ನನ್ನ ತಪ್ಪು. ನಿನಗೂ ಗೊತ್ತಿತ್ತು, ನೀವಿಬ್ಬರೂ ಸೇರಿಯೇ ಮಾಡಿದ್ದು ಅಂದ್ಕೊಂಡಿದ್ದೆ…

ಇರು. ಹೇಳ್ತೀನಿ. ಅಲ್ಲಿ ಗಿರಾಕಿಗಳು ಕೂರೋ ಸ್ಟೂಲ್ ಇದೆಯಲ್ಲ, ಕೂತ್ಕೋ. ಅವರಿಗೆ ಕೇಳಿಸಿದ್ರೆ ಕೇಳಿಸ್ಲಿ…

ಎರಡು ತಿಂಗಳ ಹಿಂದೆ ಒಂದು ಬೆಳಗ್ಗೆ. ಚಳಿ ಅಂದ್ರೆ ಚಳಿ. ಒಗೆದಿದ್ದ ನನ್ನ ಬಟ್ಟೆ ಹಗ್ಗದ ಮೇಲೆ ಹಪ್ಪಳದ ಥರ ಸೆಟೆದು ನಿಂತಿತ್ತು. ಮೇಷ್ಟ್ರ ಕಪಾಟು ತೆಗೆದೆ. ಕಂದು ಪ್ಯಾಂಟ್ ಇತ್ತಲ್ಲ, ಮೊಣಕಾಲ ಹತ್ರ ಸವೆದಿದ್ದು. ಹಾಕ್ಕೊಂಡೆ. ನೋಡೋರು ಯಾರು…

ನಗ್ತೀಯಾ ಅಂತ ಗೊತ್ತಿತ್ತು. ಬೀಳದ ಹಾಗೆ ಕಟ್ಟಿಕೊಳ್ಳೋಕೆ ಹಗ್ಗ ಬೇಕಾಗುತ್ತೆ ಅಂತ ನಾನೂ ನಗ್ತಾನೇ ಹಾಕ್ಕೊಂಡಿದ್ದು. ಅವರ ಸೊಂಟ ಮೂವತ್ತೆಂಟು, ನನ್ನದು ಮೂವತ್ಮೂರೂವರೆ. ನಿನ್ನ ಗಂಡನ ಅಳತೆ ಪುಸ್ತಕದಲ್ಲೇ ಬರೆದಿದೆ. ಗುಂಡಿ ಹಾಕಿದೆ. ಬೀಳಲಿಲ್ಲ ಕಣೇ. ನನಗೇ ಹೊಲಿದ ಹಾಗೆ ಕೂತ್ಕೊಂಡ್ತು…

ಮೊದಲು ಏನನ್ನಿಸ್ತು ಗೊತ್ತಾ? ನಾನೇ ದಪ್ಪ ಆಗಿದ್ದೀನಿ ಅಂತ. ಗಂಡ ಹೋಗಿ ಎರಡೂವರೆ ತಿಂಗಳಿಗೆ ನಾಲ್ಕೂವರೆ ಇಂಚು ಊದಿಕೊಂಡಿದ್ದೀನಲ್ಲ, ಯಾರಾದರೂ ನೋಡಿದ್ರೆ ಏನಂತಾರೆ ಅಂತ ನಾಚಿಕೆ ಆಯ್ತು. ಆವತ್ತು ಮಧ್ಯಾಹ್ನ ಬ್ರೆಡ್ ಮುಟ್ಟಲಿಲ್ಲ…

ಮರುದಿನ ಒಗೆಯೋಕೆ ಅಂತ ಒಳಮೈ ಹೊರಗೆ ಮಾಡಿದೆ. ಆಗ ಕಣ್ಣಿಗೆ ಬಿತ್ತು. ಸೊಂಟದ ಹಿಂದಿನ ಹೊಲಿಗೆ ಬಿಚ್ಚಿ, ಬಟ್ಟೆ ಒಳಗೆ ತಗೊಂಡು, ಮತ್ತೆ ಹೊಲಿದಿದ್ದಾರೆ. ಹಳೇ ಹೊಲಿಗೆಯ ಸೂಜಿ ತೂತುಗಳು ಪಕ್ಕದಲ್ಲೇ ಸಾಲಾಗಿ ಕಾಣುತ್ತೆ, ಇರುವೆ ಹೋದ ದಾರಿ ಥರ. ಹೊರಗಿಂದ ನೋಡಿದ್ರೆ ಏನೂ ಇಲ್ಲ. ಅಷ್ಟು ನಾಜೂಕು. ಆ ಕೈ ಯಾರದು ಅಂತ ನನಗೆ ಗೊತ್ತಾಗಲ್ವಾ? ನನ್ನ ಮೈಮೇಲೆ ಇಪ್ಪತ್ತಮೂರು ವರ್ಷ ಇದೇ ಕೈ ಹೊಲಿದ ಬಟ್ಟೆ ಇದೆ…

ಒಂದೇ ಅಲ್ಲ. ಕಪಾಟು ಪೂರ್ತಿ ಹಾಸಿಗೆ ಮೇಲೆ ಸುರಿದೆ. ಆರು ಪ್ಯಾಂಟು. ಆರಕ್ಕೆ ಆರೂ. ಶರಟುಗಳ ಪಕ್ಕದ ಹೊಲಿಗೆ. ಆ ಬೂದು ಕೋಟಿನ ಭುಜದಲ್ಲಿ ಹತ್ತಿ ತುಂಬಿ ಎತ್ತರಿಸಿದ್ದಾರೆ, ಒಳಗೆ ಇಳಿದುಹೋಗಿದ್ದ ಭುಜ ಕಾಣಬಾರದು ಅಂತ…

ಯಾವಾಗ ಅಂದ್ರೆ? ಯೋಚನೆ ಮಾಡು. ಹೋದ ವರ್ಷ ದೋಣೀಲಿ…

ಹಾಂ, ಅದೇ ದಿನ. ನಾವಿಬ್ಬರೂ ದಡಕ್ಕೆ ಇಳಿದು ಸಾಮಾನು ತರೋಕೆ ಹೋದ್ವಲ್ಲ. ಗಂಡಸರಿಬ್ಬರೂ ಬರಲ್ಲ, ಮೀನು ಹಿಡೀತೀವಿ ಅಂದ್ರು. ಸಾಯಂಕಾಲ ಬಂದಾಗ ಮೀನೂ ಇಲ್ಲ, ಗಾಳವೂ ಬಿಚ್ಚಿಲ್ಲ. ನಿಮ್ಮವರು ಕೈ ಮೆಷಿನ್‌ಗೆ ಎಣ್ಣೆ ಬಿಡ್ತಿದ್ರು. ವರ್ಷಾ ವರ್ಷಾ ಆ ಮೆಷಿನ್ ದೋಣಿಗೆ ಯಾಕೆ ಹೊರ್ತೀರಿ ಅಂತ ನೀನು ಬೈತಿದ್ದೆ. ಹಲಗೆ ಮೇಲೆಲ್ಲ ದಾರದ ಚೂರು. ನಮ್ಮವರು ಟವೆಲ್ ಸುತ್ತಿಕೊಂಡು ಕೂತಿದ್ರು. ಈಜಿ ಬಂದೆ ಅಂದ್ರು. ತಲೆಗೂದಲು ಒಣಗಿತ್ತು ಕಣೇ…

ನೋಡಿದ್ದೆ. ಅದೇ ಹೇಳ್ತಿರೋದು. ನೋಡಿದ್ದೆ, ಓದಲಿಲ್ಲ. ಮೂವತ್ತೊಂದು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು ನಾನು. ಒಂದು ಕೊಂಬು ತಪ್ಪಿದ್ರೆ ರಾತ್ರಿ ನಿದ್ದೆ ಬರ್ತಿರಲಿಲ್ಲ. ಪಕ್ಕದಲ್ಲಿ ಮಲಗಿರೋ ಗಂಡ ಪುಟ ಪುಟವೇ ಕಡಿಮೆ ಆಗ್ತಿದ್ದ, ಗೊತ್ತಾಗಲಿಲ್ಲ…

ಮುಖ ಹೇಗೆ ಕಾಣಲಿಲ್ಲ ಅಂದ್ರೆ, ಗಡ್ಡ ಬಿಟ್ಟಿದ್ರಲ್ಲ. ನೀನೇ ಹೊಗಳಿದ್ದೆ, ಹಡಗಿನ ನಾವಿಕನ ಥರ ಕಾಣ್ತೀರಿ ಅಂತ. ಮೈಮೇಲೆ ಎರಡೆರಡು ಸ್ವೆಟರು. ವಯಸ್ಸಾಯ್ತು, ಚಳಿ ತಡೆಯಲ್ಲ ಅಂತಿದ್ರು. ಆದರೂ ನನಗೆ ಒಂದು ಸಣ್ಣ ಅನುಮಾನ ಇತ್ತು ಕಣೇ. ಅದಕ್ಕೇ ಆ ಅಳತೆಗೆ ಕಾಯ್ತಿದ್ದೆ…

ಅಳತೆ ಶಾಸ್ತ್ರ ಅಂತ ನೀನೇ ಹೆಸರಿಟ್ಟಿದ್ದು ತಾನೇ? ಮೊದಲನೇ ದಿನ ದೋಣಿ ಕಟ್ಟಿದ ತಕ್ಷಣ ನಾಲ್ಕೂ ಜನ ಸಾಲಾಗಿ ನಿಲ್ಲಬೇಕು. ನಿಮ್ಮವರು ಟೇಪ್ ಹಿಡಿದು ಒಬ್ಬೊಬ್ಬರದೂ ಅಳೆದು ಗಟ್ಟಿಯಾಗಿ ಓದಬೇಕು, ನೀನು ಪುಸ್ತಕದಲ್ಲಿ ಬರೀಬೇಕು, ಯಾರು ಊದಿಕೊಂಡಿದ್ದಾರೋ ಅವರಿಗೆ ಆ ರಾತ್ರಿ ಪಾತ್ರೆ ತೊಳೆಯೋ ಶಿಕ್ಷೆ. ಮುಂದಿನ ವರ್ಷ ಅದೇ ಅಳತೆಗೆ ಒಂದೊಂದು ಹೊಸ ಬಟ್ಟೆ. ಹೋದ ವರ್ಷ ನಮ್ಮವರ ಸರದಿ ಬಂದಾಗ ನಾನು ಉಸಿರು ಹಿಡ್ಕೊಂಡು ನಿಂತಿದ್ದೆ. ‘ಮೂವತ್ತೆಂಟು. ಮೇಷ್ಟ್ರು ಒಂದು ನೂಲೂ ಅಲುಗಾಡಿಲ್ಲ’ ಅಂತ ಓದಿದ್ರು. ನೀನು ಬರ್ಕೊಂಡೆ. ನಾನು ಉಸಿರು ಬಿಟ್ಟೆ…

ಅಷ್ಟೇ. ಟೇಪೇ ಹೇಳಿದ ಮೇಲೆ ನನ್ನ ಕಣ್ಣಿಗೇನು ಬೆಲೆ…

ಹಲೋ?… ಇದ್ದೀಯಾ?… ಇರು, ಇನ್ನೂ ಮುಗಿದಿಲ್ಲ. ಆ ಮೆಷಿನ್ ಹೊಲಿಗೆಯ ಒಳಗೆ ಇನ್ನೊಂದು ಹೊಲಿಗೆ ಇದೆ. ಕೈಯಲ್ಲಿ ಹಾಕಿದ್ದು. ಕಂದು ಪ್ಯಾಂಟಿಗೆ ನೀಲಿ ದಾರ. ಡೊಂಕು ಡೊಂಕು, ಗೋಡೆ ನಕ್ಷೇಲಿ ನದಿ ಬರೆದ ಹಾಗೆ. ಭೂಗೋಳದ ಮೇಷ್ಟ್ರಲ್ಲದೆ ಇನ್ಯಾರು ಹಾಗೆ ಹೊಲೀತಾರೆ? ದೋಣಿ ಬಿಟ್ಟ ಮೇಲೆ ಐದು ತಿಂಗಳು ಗಾಡೀಲಿ ತಿರುಗಿದ್ವಲ್ಲ, ಆಗ ಮೈ ಇನ್ನೂ ಇಳಿದಿದೆ. ಇಳಿದ ಹಾಗೆಲ್ಲ ತಾವೇ ಹೊಲ್ಕೊಂಡಿದ್ದಾರೆ…

ಎಲ್ಲಿ ಕೂತು ಅಂತ ಕೇಳ್ತೀಯಾ? ಆ ಗಾಡೀಲಿ ನಾನು ಕೆಮ್ಮಿದ್ರೆ ಅವರು ಜರುಗಬೇಕು, ಅಷ್ಟು ಜಾಗ. ಗಾಡಿ ನಿಲ್ಲಿಸೋ ತಾಣಗಳಲ್ಲಿ ಸ್ನಾನದ ಕೋಣೆ ಇರುತ್ತಲ್ಲ, ಅಲ್ಲಿ. ಗಂಟೆಗಟ್ಟಲೆ ಒಳಗಿರೋರು. ಹೊರಗೆ ಟವೆಲ್ ಹಿಡಿದ ಜನ ಸಾಲು ನಿಂತಿರೋರು. ‘ಒಳಗೇನು ಕೆರೆ ಕಟ್ಟಿಸ್ತಿದ್ದೀರಾ’ ಅಂತ ಬಾಗಿಲು ಬಡಿದಿದ್ದೀನಿ ನಾನು. ಎಲ್ಲರೂ ನಕ್ಕರು. ಒಳಗಿಂದ ಅವರೂ ನಕ್ಕರು. ಕೈಯಲ್ಲಿ ಸೂಜಿ ಇತ್ತು ಕಣೇ…

…

ಇಲ್ಲ. ಅಳ್ತಿಲ್ಲ. ಕುರ್ಚಿ ಅಲುಗಾಡ್ತು…

ನಿನಗೆ ಒಂದು ಹೇಳಿಲ್ಲ. ಯಾರಿಗೂ ಹೇಳಿಲ್ಲ. ಪೆಟ್ರೋಲ್ ಬಂಕಲ್ಲಿ ಕುಸಿದು ಬಿದ್ರಲ್ಲ, ಆವತ್ತು ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದ್ಲು. ಚಿಕ್ಕ ವಯಸ್ಸಿನ ಹುಡುಗಿ. ‘ಎಷ್ಟು ದಿನದಿಂದ ತೂಕ ಇಳೀತಿದೆ?’ ಅಂದ್ಲು. ನಾನು ಏನಂದೆ ಗೊತ್ತಾ? ‘ಇಳಿದೇ ಇಲ್ಲ. ಬಟ್ಟೆ ಎಲ್ಲ ಸರಿಯಾಗೇ ಕೂರುತ್ತೆ’ ಅಂದೆ. ಅವಳು ನನ್ನ ಮುಖ ನೋಡಿದ್ಲು. ಹಾಸಿಗೆ ಮೇಲೆ ಮಲಗಿದ್ದ ಅವರನ್ನ ನೋಡಿದ್ಲು. ಶರಟು ಬಿಚ್ಚಿದ್ರು, ಪಕ್ಕೆಲುಬು ಎಣಿಸಬಹುದಿತ್ತು. ಪೆನ್ನು ತೆಗೆದ್ಲು. ನಾನು ಹೇಳಿದ್ದನ್ನೇ ಬರ್ಕೊಂಡ್ಲು. ಆ ಕಾಗದದಲ್ಲಿ ಅದು ಹಾಗೇ ಇದೆ ಇನ್ನೂ, ತಿದ್ದದೆ. ಎಂಥ ಹೆಂಡತಿ ಇವಳು ಅಂದ್ಕೊಂಡಿರಬೇಕು…

ಹಲೋ?… ಕ್ಯಾಪ್ಟನ್?… ಮಾತಾಡೇ…

ಯಾರ ಜೊತೆ ಮಾತಾಡ್ತಿದ್ದೀಯಾ ಅಲ್ಲಿ… ಅವರನ್ನ ಬೈಬೇಡ. ಕೇಳಿಸ್ತಾ? ನಿಧಾನ… ಗಿರಾಕಿಗಳಿದ್ದಾರಾ?… ಫೋನ್ ಕೊಡು ಅವರಿಗೆ. ಕೊಡು ಅಂದೆ. ಈ ಎರಡು ತಿಂಗಳಿಂದ ಅಂಗಡಿ ನಂಬರಿಗೇ ಕಾಯ್ತಿದ್ದೆ ನಾನು…

…

ಟೈಲರಣ್ಣ…

ಹೇಗಿದ್ದೀಯಮ್ಮ ಅಂತ ಕೇಳಬೇಡಿ. ಅದಕ್ಕೆ ಉತ್ತರ ಆಮೇಲೆ ಹೇಳ್ತೀನಿ. ನನ್ನ ಫೋನಲ್ಲಿ ಚಾರ್ಜ್ ಜಾಸ್ತಿ ಇಲ್ಲ, ನಾನು ಕೇಳಿದ್ದಕ್ಕೆ ಮಾತ್ರ ಹೇಳಿ. ಆವತ್ತು ಟೇಪ್ ನಿಜವಾಗಿ ಎಷ್ಟು ತೋರಿಸ್ತು?…

ಕೇಳಿಸ್ಲಿಲ್ಲ…

ಮೂವತ್ತೈದು. ಮೂರಿಂಚು. ಟೇಪ್ ಹಿಡಿದ ತಕ್ಷಣವೇ ಗೊತ್ತಾಯ್ತಾ?… ಹಾಂ. ಅವರು ನಿಮ್ಮ ಕೈ ಒತ್ತಿದ್ರು. ನಮ್ಮ ಎದುರಿಗೇ. ಒತ್ತಿದ್ದಕ್ಕೆ ನೀವು ಮೂವತ್ತೆಂಟು ಅಂತ ಓದಿದ್ರಿ…

ಆಮೇಲೆ ಏನಂದ್ರು? ಅವರ ಮಾತಲ್ಲೇ ಹೇಳಿ…

‘ದೋಣೀಲಿ ಕೆಟ್ಟ ಸುದ್ದಿ ಇಲ್ಲ’ ಅಂದ್ರಾ…

ಹೌದಲ್ಲ, ನಮ್ಮದೇ ನಿಯಮ. ಫೋನುಗಳು ಬಿಸ್ಕತ್ತಿನ ಡಬ್ಬಕ್ಕೆ, ಕೆಟ್ಟ ಸುದ್ದಿ ದಡಕ್ಕೆ. ಯಾರ ಮನೇಲಿ ಏನೇ ಆಗಿರ್ಲಿ, ಆ ಏಳು ದಿನ ಬಾಯಿ ಬಿಡೋ ಹಾಗಿಲ್ಲ. ಅದನ್ನ ಮುರಿದವರು ನಮ್ಮಲ್ಲಿ ಯಾರೂ ಇಲ್ಲ. ಎಷ್ಟು ಹೆಮ್ಮೆ ಇತ್ತು ಅದರ ಬಗ್ಗೆ ನಮಗೆ…

ಅದು ಏಳು ದಿನದ ಮಾತು. ನೀವು ದಡ ಹತ್ತಿದ ಮೇಲೂ ಹೇಳಲಿಲ್ಲ. ಐದು ತಿಂಗಳು, ಪ್ರತಿ ಭಾನುವಾರ ಫೋನ್ ಮಾಡಿ ‘ಮೇಷ್ಟ್ರು ಊಟ ಮಾಡಿದ್ರಾ ತಾಯಿ’ ಅಂತ ಕೇಳ್ತಿದ್ರಿ. ಎಂಥ ಗೆಳೆಯ ಅಂತ ನಾನು ಇವರ ಮುಂದೆ ನಿಮ್ಮನ್ನ ಹೊಗಳ್ತಿದ್ದೆ. ಆಗಲೂ ಹೇಳಲಿಲ್ಲ…

ಅವರು ಬೇಡ ಅಂದ್ರು. ಸರಿ. ಯಾಕೆ ಬೇಡ ಅಂದ್ರು?…

ಅಳಬೇಡಿ, ಮಾತು ಅರ್ಥ ಆಗಲ್ಲ. ಯಾಕೆ?…

…

ಗಾಡಿ ಮಾರಿಬಿಡ್ತಾಳೆ ಅಂದ್ರಾ. ನನ್ನನ್ನ ಆಸ್ಪತ್ರೆ ಎದುರಿಗೆ ತಂದು ನಿಲ್ಲಿಸಿಬಿಡ್ತಾಳೆ ಅಂದ್ರಾ…

ಹೌದು. ಹಾಗೇ ಮಾಡ್ತಿದ್ದೆ. ಸರಿಯಾಗೇ ತಿಳ್ಕೊಂಡಿದ್ರು ನನ್ನನ್ನ…

ಮೂವತ್ತು ವರ್ಷ ಗೋಡೆ ನಕ್ಷೇಲಿ ಕೋಲು ಇಟ್ಟು ನದಿ ತೋರಿಸಿದ ಮನುಷ್ಯ. ಒಂದಾದರೂ ಹುಟ್ಟೋ ಜಾಗ ನೋಡಬೇಕು ಅಂತ ಆಸೆ. ನೋಡಿದ್ವಿ, ಗೊತ್ತಾ? ಎರಡು ಕಲ್ಲಿನ ಮಧ್ಯೆ ನಲ್ಲಿ ಸೋರೋ ಹಾಗೆ ಸೋರ್ತಿತ್ತು. ‘ಇಷ್ಟಕ್ಕೇ ಇಷ್ಟು ದೂರ ಬಂದ್ವಾ’ ಅಂದೆ. ‘ಎಲ್ಲ ಇಷ್ಟರಿಂದಲೇ ಶುರುವಾಗೋದು ಕಣೇ’ ಅಂತ ಪಾಠ ಮಾಡಿದ್ರು. ಆವತ್ತು ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕಿದ್ವಿ, ಯಾಕೆ ಅಂತ ಈಗ ನೆನಪಿಲ್ಲ. ಆ ಐದು ತಿಂಗಳು ನಕ್ಕಷ್ಟು ನಾನು ಯಾವತ್ತೂ ನಕ್ಕಿಲ್ಲ…

ಅದಕ್ಕೇ ಟೈಲರಣ್ಣ, ಅದಕ್ಕೇ ನನಗೆ ಕೋಪ. ಅವರು ಒಂದೊಂದು ನಗುವನ್ನೂ ಇದೇ ಕೊನೇದಿರಬಹುದು ಅಂತ ತಿಳಿದು ನಗ್ತಿದ್ರು. ನಾನು ಪುಕ್ಕಟೆ ನಗ್ತಿದ್ದೆ. ಪಕ್ಕದಲ್ಲೇ ಇದ್ದೆ, ಜೊತೇಲಿ ಇರಲಿಲ್ಲ. ಆ ಜೊತೆ ನಿಮಗೆ ಸಿಕ್ತು, ನೂರಾರು ಮೈಲಿ ದೂರದಲ್ಲಿ ಕೂತಿದ್ದ ನಿಮಗೆ…

ಮೊದಲೇ ಗೊತ್ತಿದ್ರೆ ಉಳೀತಿದ್ರಾ ಅಂತ ಡಾಕ್ಟರನ್ನ ಕೇಳಿದೆ. ಒಂದಷ್ಟು ತಿಂಗಳು ಸಿಗ್ತಿತ್ತೇನೋ ಅಂದ್ಲು. ಒಂದಷ್ಟು ಅಂದ್ರೆ ಎಷ್ಟು ಅಂದೆ. ಕಿಟಕಿ ಕಡೆ ನೋಡಿದ್ಲು. ನೀವು ಅವರಿಗೆ ಐದು ತಿಂಗಳು ಕೊಟ್ರೋ, ನನ್ನಿಂದ ಒಂದಷ್ಟು ತಿಂಗಳು ತಗೊಂಡ್ರೋ. ದಿನಾ ಬೆಳಗ್ಗೆ ಒಂದು ಥರ ಅನ್ನಿಸುತ್ತೆ, ಸಾಯಂಕಾಲ ಇನ್ನೊಂದು ಥರ…

ಕ್ಷಮಿಸಿದೆ ಅಂತ ನನ್ನ ಬಾಯಿಂದ ಹೇಳಿಸಬೇಡಿ. ಇನ್ನೂ ಬರ್ತಿಲ್ಲ. ಬಂದ ದಿನ ನಾನೇ ಹೇಳ್ತೀನಿ, ಕೇಳೋದು ಬೇಡ…

ಇನ್ನೊಂದು ಮಾತು. ಆ ನೀಲಿ ದಾರ ನೀವು ಕೊಟ್ಟಿದ್ದಾ?… ಕಂದು, ಬೂದು, ಕಪ್ಪು, ಮೂರೂ ಕೊಟ್ಟಿದ್ರಿ. ನೀಲಿ ಕೊಟ್ಟಿರಲಿಲ್ಲ… ಹಾಗಿದ್ರೆ ನನ್ನ ಡಬ್ಬದಿಂದ ಕದ್ದಿದ್ದು. ಕಂದು ಮುಗಿದುಹೋಗಿತ್ತೇನೋ. ಹೊಸದು ತರೋಕೆ ಹೋದ್ರೆ ಯಾಕೆ ಅಂತ ಕೇಳ್ತಿದ್ದೆನಲ್ಲ ನಾನು. ಸೂಜಿ ಹಿಡಿಯೋದು ಕಲಿಸಿದ್ದು ನೀವೇ ತಾನೇ… ಚೆನ್ನಾಗಿ ಕಲಿಸಿದ್ದೀರಿ. ಡೊಂಕಿದೆ, ಆದ್ರೆ ಒಂದೂ ಬಿಚ್ಚಿಕೊಂಡಿಲ್ಲ…

ಹಾಂ?… ಅದೇನು ಸದ್ದು ಅಂದ್ರೆ, ಫೋನ್ ಕೂಗ್ತಿದೆ. ಚಾರ್ಜ್ ಮುಗೀತಾ ಬಂತು. ಬೇಗ ಹೇಳಿಬಿಡ್ತೀನಿ, ಕೇಳಿಸ್ಕೊಳ್ಳಿ. ನಿಮ್ಮ ಹೆಂಡತಿಗೆ ಸುಳ್ಳು ಹೇಳಿದೆ. ದಾರೀಲಿ ಇಲ್ಲ ನಾನು. ಗಾಡಿ ಕದಲಿ ನಾಲ್ಕೂವರೆ ತಿಂಗಳಾಯ್ತು. ಆಸ್ಪತ್ರೆ ಎದುರಿನ ಅದೇ ಜಾಗ. ನೀವು ನಿಂತಿದ್ರಲ್ಲ, ಆ ಗೇಟು ಇಲ್ಲಿಂದ ಕಾಣ್ತಿದೆ. ನಾಲ್ಕು ವಾರಕ್ಕಿಂತ ಹೆಚ್ಚು ನಿಲ್ಲಿಸಬಾರದು ಅಂತ ಬೋರ್ಡಿದೆ. ಮ್ಯಾನೇಜರ್ ಬಂದಾಗೆಲ್ಲ ಬೋರ್ಡಿಗೆ ಬೆನ್ನು ಹಾಕಿ ನಿಂತು ಹವಾಮಾನದ ಬಗ್ಗೆ ಮಾತಾಡ್ತಾನೆ. ಅವರನ್ನ ತಂದು ನಿಲ್ಲಿಸ್ತೀನಿ ಅಂತ ಹೆದರಿದ್ರಲ್ಲ, ಅಲ್ಲಿ ನಾನೇ ನಿಂತಿದ್ದೀನಿ…

ಟ್ಯಾಂಕ್ ಸೋರ್ತಿಲ್ಲ. ಬ್ರೇಕ್ ಸರಿಯಾಗಿದೆ. ನನಗೆ ರಿವರ್ಸ್ ಬರಲ್ಲ, ಅಷ್ಟೇ. ಕ್ಯಾಪ್ಟನ್‌ಗೆ ಬಂದು ಗಾಡಿ ತೆಗೆಯೋಕೆ ಹೇಳಿ. ದೋಣಿಯವನಿಗೆ ಚಿಕ್ಕದು ಬೇಡ ಅನ್ನಿ. ಹಳೇದೇ ಇರ್ಲಿ. ಒಂದು ಹಾಸಿಗೆ ಖಾಲಿ ಇದ್ರೆ ದೋಣಿ ಮುಳುಗಲ್ಲ…

ಹೌದು, ಬರ್ತೀನಿ ಅಂತಲೇ ಹೇಳಿದ್ದು… ಆ ಪುಸ್ತಕ ತನ್ನಿ. ಟೇಪ್ ತನ್ನಿ. ಮೆಷಿನ್ ಹೊದಿಕೆ ತೆಗೆದು ಎಣ್ಣೆ ಬಿಡಿ, ಅಷ್ಟು ದಿನ ಮುಚ್ಚಿಟ್ರೆ ಬಿಗಿಯಾಗಿರುತ್ತೆ…

ಯಾಕೆ ಅಂದ್ರೆ… ಈಗ ಅದೇ ಕಂದು ಪ್ಯಾಂಟಲ್ಲಿ ನಿಂತಿದ್ದೀನಿ ಟೈಲರಣ್ಣ. ಎರಡು ತಿಂಗಳ ಹಿಂದೆ ನನಗೆ ಸರಿಯಾಗಿ ಕೂರ್ತಿತ್ತು. ಈಗ ಸಡಿಲ. ಎರಡು ಬೆರಳು. ರೋಗ ಅಲ್ಲ ಬಿಡಿ, ಒಬ್ಬಳಿಗೆ ಒಲೆ ಹಚ್ಚೋಕೆ ಬೇಜಾರು. ಕ್ಯಾಪ್ಟನ್‌ಗೆ ಊಟ ಆಯ್ತು ಅಂದಿದ್ದೂ ಸುಳ್ಳು. ನೀಲಿ ದಾರ ಇನ್ನೂ ಮಿಕ್ಕಿದೆ. ನಿನ್ನೆ ಸೂಜಿಗೆ ಪೋಣಿಸಿಕೊಂಡು ಕೂತೆ. ಪೋಣಿಸಿ ಆದ ಮೇಲೆ ಹೆದರಿಕೆ ಆಯ್ತು…

ಇಲ್ಲ. ಸುಮ್ನಿರಬೇಡಿ. ಯಾರಿಗೂ ಹೇಳಲ್ಲ ಅಂತ ನನಗೆ ಮಾತು ಕೊಡಬೇಡಿ. ಈ ಸಲ ಅದು ನಡೆಯಲ್ಲ. ಕ್ಯಾಪ್ಟನ್ ಪಕ್ಕದಲ್ಲೇ ಇದ್ದಾಳಲ್ಲ? ಅವಳ ಕಡೆ ತಿರುಗಿ. ಈಗಲೇ ಹೇಳಿ. ದೋಣೀಲಿ ಓದ್ತಿದ್ರಲ್ಲ, ಹಾಗೆ, ನನಗೆ ಇಲ್ಲಿ ಕೇಳೋ ಹಾಗೆ…

…

ಹಾಂ… ಕೇಳಿಸ್ತು…

ಏನಂತಾಳೆ?… ನಾಳೆ ಬೆಳಗ್ಗೆನೇ ಹೊರಡ್ತಾಳಾ. ಬರ್ಕೊಳ್ಳೋಕೆ ಪುಸ್ತಕ ತೆಗೆದ್ಲಾ…

ಅಣ್ಣ, ಒಂದು ನಿಮಿಷ. ಬರೆಯೋದು ನಿಲ್ಲಿಸೋಕೆ ಹೇಳಿ. ಎರಡು ಬೆರಳು ಅಂದೆನಲ್ಲ, ಅದು ತಪ್ಪು. ತಿದ್ದಿಸಿ…

ನಾಲ್ಕು…

ಹಲೋ… ಕೇಳಿಸ್ತಾ… ನಾಲ್ಕು ಅಂದೆ… ಹಲೋ…